ಗಂಡು ಹೂವಿನ ಜೊತೆ ಶಂಕರಪುರದಿಂದ ಮಲ್ಲೇಶ್ವರಕ್ಕೆ

ಬೆಳಿಗ್ಗೆ ಆರೂವರೆಗೆ ಮಲ್ಲೇಶ್ವರದ ಮನೆಯಿಂದ ಹೊರಟಾಗ ನನ್ನ ಕೈಯಲ್ಲಿದ್ದದ್ದು ಒಂದು ಖಾಲಿ ಸ್ಟೀಲ್ ಡಬ್ಬಿ, ಅದರೊಳಗೆ ಹಳೇ ಪಂಚೆಯ ಒಂದು ತುಂಡು. ಮುಖ ತೊಳೆದಿದ್ದೆ, ತಲೆ ಬಾಚಿರಲಿಲ್ಲ. ಹೋಗಬೇಕಾದದ್ದು ಶಂಕರಪುರಕ್ಕೆ, ಹೆಚ್ಚೆಂದರೆ ಏಳು ಕಿಲೋಮೀಟರ್. ಕಾಶಿಗೆ ಹೊರಟವರೂ ಅಷ್ಟು ಗಾಬರಿಪಡುವುದಿಲ್ಲ. ಹತ್ತು ಗಂಟೆಯೊಳಗೆ ಸಿಹಿಗುಂಬಳದ ಒಂದು ಗಂಡು ಹೂವನ್ನು ತಂದು ನಮ್ಮ ತಾರಸಿಗೆ ಮುಟ್ಟಿಸಬೇಕಿತ್ತು.

ಶಂಕರಪುರದಲ್ಲಿರುವುದು ನನ್ನ ಗೆಳತಿ ವನಜಾಕ್ಷಿ. ಇಬ್ಬರೂ ಒಂದೇ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ನಾನು ಗಣಿತ, ಅವಳು ಸಮಾಜ. ಆಮೇಲೆ ಇಬ್ಬರಿಗೂ ಬೀಜದ ಹುಚ್ಚು ಹಿಡಿಯಿತು. ಅಂಗಡಿಯಲ್ಲಿ ಸಿಗುವ ತರಕಾರಿ ನಮಗೆ ಬೇಡ. ಬಿಳಿ ಹಾಗಲ, ಕಪ್ಪು ಟೊಮ್ಯಾಟೊ, ರೆಕ್ಕೆಯಿರುವ ಅವರೆ, ಇಂಥವೇ ಆಗಬೇಕು. ಎಲ್ಲಕ್ಕಿಂತ ಮುದ್ದಿನದು ಅವಳು ಹೊಸಕೋಟೆ ಕಡೆಯ ಸಂತೆಯಲ್ಲಿ ಒಬ್ಬ ಅಜ್ಜಿಯಿಂದ ತಂದಿದ್ದ ಒಂದು ಪುಟ್ಟ ಕುಂಬಳ. ಚೊಂಬಿನ ಗಾತ್ರ, ಹಸಿರು ಪಟ್ಟೆ, ಒಂದು ಹೊತ್ತಿನ ಹುಳಿಗೆ ಸರಿಯಾಗಿ ಒಂದು ಕಾಯಿ. ನಾವೇ ಅದಕ್ಕೆ ಚೊಂಬುಗುಂಬಳ ಎಂದು ಹೆಸರಿಟ್ಟೆವು. ಆ ಅಜ್ಜಿ ಮತ್ತೆ ಆ ಸಂತೆಯಲ್ಲಿ ಕಾಣಿಸಲಿಲ್ಲ.

ಈ ವರ್ಷ ಉಳಿದಿದ್ದದ್ದು ನಾಲ್ಕೇ ಬೀಜ. ಅವಳಿಗೆ ಎರಡು, ನನಗೆ ಎರಡು. ಮೊಳೆತದ್ದು ಅಲ್ಲೊಂದು, ಇಲ್ಲೊಂದು. ಅವಳ ಫ್ಲ್ಯಾಟಿನವರು ತಾರಸಿ ಸೋರುತ್ತದೆಂದು ಬರುವ ಭಾನುವಾರವೇ ರಿಪೇರಿಗೆ ಕುಂಡಗಳನ್ನೆಲ್ಲ ಖಾಲಿ ಮಾಡಿಸುವವರಿದ್ದರು. ಅಂದರೆ ಕಾಯಿ ಆಗುವುದಿದ್ದರೆ ನನ್ನ ಬಳ್ಳಿಯಲ್ಲೇ ಆಗಬೇಕು. ನನ್ನ ಬಳ್ಳಿಗೋ ಬೂದಿರೋಗ. ಬಾಡುತ್ತ ಬಾಡುತ್ತ ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಒಂದೇ ಒಂದು ಹೆಣ್ಣು ಮೊಗ್ಗನ್ನು ಉಳಿಸಿಕೊಂಡಿತ್ತು. ಅದು ಅರಳುವುದು ಒಂದೇ ಬೆಳಿಗ್ಗೆ, ಬಿಸಿಲೇರಿದರೆ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಗಂಡು ಹೂವಿನ ಪರಾಗ ತಾಗದಿದ್ದರೆ ಕಾಯಿ ಉದುರಿದಂತೆಯೇ ಲೆಕ್ಕ. ಬೇರೆ ಜಾತಿಯ ಕುಂಬಳದ ಹೂ ತಾಗಿಸಿದರೆ ಕಾಯಿಯೇನೋ ನಿಲ್ಲುತ್ತದೆ, ಬೀಜ ಮಾತ್ರ ಬೆರಕೆಯಾಗುತ್ತದೆ.

ಅವತ್ತು ಹೆಣ್ಣು ಹೂ ಅರಳಿತ್ತು. ಖುಷಿಯಿಂದ ಗಂಡು ಹೂ ಹುಡುಕಿದರೆ ಬಳ್ಳಿ ಪೂರ್ತಿ ಬೋಳು. ನಮ್ಮ ಯಜಮಾನರು ದೇವರ ಮನೆಯಿಂದಲೇ ಉತ್ತರ ಕೊಟ್ಟರು. "ಸೇವಂತಿಗೆ ಇನ್ನೂ ಅರಳಿಲ್ಲ ಕಣೆ, ಅದಕ್ಕೆ ಕುಂಬಳದ ಹೂ ತಗೊಂಡೆ. ಕಾಯಿ ಇರೋ ಹೂವನ್ನ ಮುಟ್ಟಿಲ್ಲ. ಬರೀ ಹೂ ಇತ್ತಲ್ಲ, ಅದನ್ನ ಮಾತ್ರ ಕಿತ್ತೆ." ಆ ಜಾಣತನಕ್ಕೆ ಶಹಭಾಸ್ ಬೇರೆ ಬೇಕೆಂಬಂತಿತ್ತು ಮುಖ. ನಾಲ್ಕು ಗಂಡು ಹೂಗಳೂ ಅಭಿಷೇಕದ ಹಾಲಿನಲ್ಲಿ ತೇಲುತ್ತಿದ್ದವು. ನೆಂದ ಪರಾಗ ಕೆಲಸಕ್ಕೆ ಬಾರದು. ಮೂವತ್ತೈದು ವರ್ಷದ ಸಂಸಾರದಲ್ಲಿ ನಾನು ಅಷ್ಟು ಜೋರಾಗಿ ಕೂಗಾಡಿದ್ದು ಅದೇ ಮೊದಲಿರಬೇಕು.

ವನಜಾಕ್ಷಿಗೆ ಫೋನ್ ಮಾಡಿದೆ. "ನನ್ನ ಗಿಡದಲ್ಲಿ ಮೂರು ಗಂಡ್ ಹೂ ಅರಳಿದೆ. ಮಂಡಿ ನೋವು, ನಾನು ಬರಕ್ಕಾಗಲ್ಲ. ನೀನು ಬಂದ್ಬಿಡು," ಎಂದಳು.

ಸಂಪಿಗೆ ರಸ್ತೆಯ ಮೆಟ್ರೊ ನಿಲ್ದಾಣದವರೆಗೆ ಆಟೊ, ಅಲ್ಲಿಂದ ಮೂವತ್ತು ರೂಪಾಯಿಯ ಟೋಕನ್. ಮಾರ್ಕೆಟ್ ದಾಟಿ ಮುಂದಿನ ನಿಲ್ದಾಣದಲ್ಲಿ ಇಳಿದಾಗ ಏಳೂ ಹತ್ತು. ಮೋಡ ಕವಿದಿತ್ತು, ಗಾಳಿ ತಣ್ಣಗಿತ್ತು. ಬಸವನಗುಡಿಯ ಅಂಚಿನಲ್ಲಿ ಕಾಲು ಗಂಟೆ ನಡೆದೆ. ದಾರಿಯುದ್ದಕ್ಕೂ ವಾಕಿಂಗ್ ಹೊರಟ ಹಿರಿಯರು ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ಕಂಡವರ ಕಾಂಪೌಂಡಿನ ದಾಸವಾಳ, ನಂದಿಬಟ್ಟಲು ಕೀಳುತ್ತಿದ್ದರು. ಬೇರೆ ದಿನವಾಗಿದ್ದರೆ ನಕ್ಕು ಹೋಗುತ್ತಿದ್ದೆ. ಅವತ್ತು ಪ್ರತಿಯೊಬ್ಬರನ್ನೂ ದುರುಗುಟ್ಟಿಕೊಂಡು ನೋಡಿದೆ.

ವನಜಾಕ್ಷಿ ಇಡ್ಲಿ ಬೇಯಿಸಿಟ್ಟಿದ್ದಳು. ನಾನು ಒಲ್ಲೆ ಎಂದರೂ ಕೇಳದೆ ಎರಡು ಇಡ್ಲಿ, ಕಾಫಿ ಕೊಟ್ಟಳು. ಚಟ್ನಿ ಬಹಳ ಚೆನ್ನಾಗಿತ್ತು, ಆ ಗಾಬರಿಯಲ್ಲೂ ಮತ್ತೆ ಹಾಕಿಸಿಕೊಂಡೆ. ಲಿಫ್ಟಿನಲ್ಲಿ ತಾರಸಿಗೆ ಹೋದೆವು. ಅರ್ಧ ಕುಂಡಗಳು ಆಗಲೇ ಖಾಲಿಯಾಗಿ ಮೂಲೆಯಲ್ಲಿ ಬೋರಲು ಬಿದ್ದಿದ್ದವು. ಕುಂಬಳದ ಬಳ್ಳಿಯೊಂದು ನೀರಿನ ಟ್ಯಾಂಕಿನ ಮೇಲೆ ಹಬ್ಬಿತ್ತು.

"ಎಲ್ಲಾನೂ ತಗೊಂಡ್ಹೋಗು. ಇಲ್ಲಿ ಯಾರಿಗೆ ಬೇಕು," ಎಂದು ಮೂರು ಹೂಗಳನ್ನೂ ಉದ್ದ ತೊಟ್ಟಿನ ಸಮೇತ ಕತ್ತರಿಸಿ ಡಬ್ಬಿಯಲ್ಲಿ ಮಲಗಿಸಿದಳು. ನಂತರ ಮುಚ್ಚಳದ ಮೇಲೆ ಕೈಯಿಟ್ಟು, "ಹೋದ್ರೆ ಹೋಯ್ತು ಕಣೆ, ಬೇಜಾರು ಮಾಡ್ಕೋಬೇಡ," ಎಂದಳು. ಅವಳ ಕಣ್ಣು ತುಂಬಿತ್ತು. ನಾನು ಲಿಫ್ಟಿನ ಗುಂಡಿ ಒತ್ತಿದೆ.

ವಾಪಸ್ಸಿನ ದಾರಿಯಲ್ಲಿ ತಪ್ಪು ಮಾಡಿದವಳು ನಾನೇ. ಮೆಟ್ರೊದಲ್ಲಿ ಚೀಲಗಳನ್ನು ಎಕ್ಸ್‌ರೇ ಯಂತ್ರದೊಳಗೆ ಹಾಕುತ್ತಾರೆ. ಪರಾಗಕ್ಕೆ ಏನಾದರೂ ಆದೀತೆಂಬ ಹೆದರಿಕೆಯಿಂದ ಶಂಕರಪುರದಲ್ಲೇ ಆಟೊ ಹತ್ತಿದೆ. ಮೀಟರ್ ಮೇಲೆ ಮೂವತ್ತಕ್ಕೆ ಡ್ರೈವರ್ ಒಪ್ಪಿದ. ಚಾಮರಾಜಪೇಟೆ ಸಲೀಸಾಗಿ ದಾಟಿತು. ಮಾರ್ಕೆಟಿನ ಜಂಗುಳಿ ತಪ್ಪಿಸುತ್ತೇನೆಂದು ಅವನು ಬಳೇಪೇಟೆಯ ಗಲ್ಲಿಗೆ ನುಗ್ಗಿಸಿದ. ಅಲ್ಲಿ ಬಳೆಯ ಪೆಟ್ಟಿಗೆಗಳನ್ನು ಪೇರಿಸಿಕೊಂಡ ಎರಡು ಕೈಗಾಡಿಗಳು ಎದುರುಬದುರಾಗಿ ನಿಂತಿದ್ದವು. ಮುಂದೆ ಹೋಗಲು ಜಾಗವಿಲ್ಲ, ಹಿಂದೆ ಸ್ಕೂಟರುಗಳ ಸಾಲು.

ನಾನು ಮೂರನೇ ಸಲ ಡಬ್ಬಿ ತೆರೆದು ನೋಡಿದಾಗ ಡ್ರೈವರ್ ಕೇಳಿಯೇಬಿಟ್ಟ. "ಏನ್ ಮೇಡಂ ಅದು, ಆವಾಗಿಂದ ನೋಡ್ತಾನೇ ಇದೀರ?"

ಹೇಳಿದೆ. ಅವನ ಊರು ಮಾಗಡಿ ಹತ್ತಿರವಂತೆ, ಮನೆಯಲ್ಲಿ ಹೊಲವಿದೆಯಂತೆ. ಬಿದ್ದು ಬಿದ್ದು ನಕ್ಕ. "ನಮ್ಮೂರಲ್ಲಿ ಈ ಕೆಲ್ಸ ಜೇನುಹುಳ ಮಾಡುತ್ತೆ ಮೇಡಂ. ನೀವು ನೂರೈವತ್ತು ರೂಪಾಯಿ ಕೊಟ್ಟು ಆಟೊದಲ್ಲಿ ಮಾಡಿಸ್ತಿದೀರ!"

ನನಗೂ ನಗು ಬಂತು. ಆದರೆ ಗಂಟೆ ಎಂಟೂಮುಕ್ಕಾಲಾಗಿತ್ತು. ಹನಿ ಬೇರೆ ಶುರುವಾಯಿತು. ಅವನೇ ಗಂಭೀರವಾಗಿ, "ಇದು ಬಿಡೋ ಹಂಗೆ ಕಾಣಲ್ಲ. ಇಳಿದು ನಡ್ಕೊಂಡ್ ಹೋಗಿ, ಹತ್ರದಲ್ಲೇ ಮೆಟ್ರೊ ಐತೆ. ಹೂ ನೆನೀದಂಗೆ ನೋಡ್ಕೊಳ್ಳಿ," ಎಂದ. ಮೀಟರಿನಲ್ಲಿ ಆಗಿದ್ದಷ್ಟೇ ತೆಗೆದುಕೊಂಡ. ಆ ಮೇಲಿನ ಮೂವತ್ತು ಬೇಡವೆಂದ.

ಸೆರಗಿನಡಿ ಡಬ್ಬಿ ಮುಚ್ಚಿಕೊಂಡು ಚಿಕ್ಕಪೇಟೆ ನಿಲ್ದಾಣಕ್ಕೆ ಓಡಿದೆ. ಯಾವ ಯಂತ್ರಕ್ಕೆ ಹೆದರಿ ಆಟೊ ಹತ್ತಿದ್ದೆನೋ ಅದೇ ಯಂತ್ರ ಅಲ್ಲಿಯೂ ಇತ್ತು. ತಪಾಸಣೆಯ ಹುಡುಗಿಯ ಮುಂದೆ ಮುಚ್ಚಳ ತೆರೆದು, "ಇದನ್ನ ಕೈಯಲ್ಲೇ ನೋಡಮ್ಮ, ದಮ್ಮಯ್ಯ," ಎಂದೆ. ಅವಳು ಹೂವನ್ನೊಮ್ಮೆ, ನನ್ನ ಬಾಚದ ತಲೆಯನ್ನೊಮ್ಮೆ ನೋಡಿ, "ಹೋಗಿ ಅಮ್ಮ," ಎಂದಳು. ಆ ಯಂತ್ರದಿಂದ ಹೂವಿಗೆ ಏನೂ ಆಗುವುದಿಲ್ಲವೆಂದು ಆಮೇಲೆ ಯಾರೋ ತಿಳಿದವರು ಹೇಳಿದರು.

ಮನೆ ತಲುಪಿದಾಗ ಒಂಬತ್ತೂವರೆ. ಹನಿ ಮಳೆ ಹಾಗೇ ಬೀಳುತ್ತಿತ್ತು. ನೆಂದ ಹೆಣ್ಣು ಹೂವಿಗೆ ಪರಾಗ ತಾಗಿಸಿ ಪ್ರಯೋಜನವಿಲ್ಲ. ಎಲ್ಲ ಮುಗಿಯಿತೆಂದುಕೊಂಡೇ ಮೆಟ್ಟಿಲು ಹತ್ತಿದೆ.

ತಾರಸಿಯಲ್ಲಿ ಯಜಮಾನರು ಬಳ್ಳಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಛತ್ರಿ ಪೂರ್ತಿ ಹೂವಿನ ಮೇಲಿತ್ತು. ಅವರ ಬೆನ್ನು, ತಲೆ, ಪೂಜೆಯ ಮಡಿಪಂಚೆ ಎಲ್ಲ ತೊಯ್ದಿತ್ತು. ತಿಂಡಿಯನ್ನೂ ತಿಂದಿರಲಿಲ್ಲ. "ಇನ್ನೂ ಮುಚ್ಚಿಲ್ಲ, ಬೇಗ ಬಾ," ಎಂದರು. ನಾನು ಗಂಡು ಹೂವಿನ ಎಸಳು ಬಿಡಿಸಿ ಒಳಗಿನ ದಿಂಡನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ಸವರಿದೆ. ಒಂದಾದ ಮೇಲೊಂದು, ಮೂರನ್ನೂ. ಅವರು ಛತ್ರಿ ಹಿಡಿದೇ ಬಗ್ಗಿ ನೋಡುತ್ತಿದ್ದರು. ಬೆಳಗಿನ ನನ್ನ ಕೂಗಾಟ ತಪ್ಪಾಯಿತು ಅನಿಸಿತು. ಅದನ್ನು ಅವರಿಗೆ ಹೇಳಿಯೂ ಹೇಳಿದೆ.

ಕಾಯಿ ನಿಂತಿತು. ತಿಂಗಳು ಕಳೆಯುವಷ್ಟರಲ್ಲಿ ಪಟ್ಟೆಯೂ ಮೂಡಿತು. ಬೀಜಕ್ಕೆ ಬಿಟ್ಟ ಕಾಯಿ ಎಂದು ಗುರುತಿಗೆ ಅದರ ತೊಟ್ಟಿಗೆ ಕೆಂಪು ಬಟ್ಟೆ ಕಟ್ಟಿದವರು ಯಜಮಾನರೇ. ಒಂದು ದಿನ ವನಜಾಕ್ಷಿ ಆಟೊ ಮಾಡಿಕೊಂಡು ಬಂದಳು. ನಮ್ಮಲ್ಲಿ ಲಿಫ್ಟ್ ಇಲ್ಲ. ಒಂದೊಂದೇ ಮೆಟ್ಟಿಲಿಗೆ ನಿಂತು ನಿಂತು ತಾರಸಿಗೆ ಹತ್ತಿದಳು. ಕಾಯಿಯ ಮೇಲೆ ಅಂಗೈಯಿಟ್ಟು ಕೂತಳು.

"ಬೀಜ ನೀನೇ ಇಟ್ಕೋ. ರಿಪೇರಿ ಆದ್ಮೇಲೂ ಕುಂಡ ಇಡಬಾರದಂತೆ, ನನಗಿನ್ನು ತಾರಸಿ ಎಲ್ಲಿದೆ," ಎಂದಳು.

ಯಜಮಾನರು ಎದುರಿನ ಮೂಲೆ ತೋರಿಸಿದರು. ಅವರ ಸೇವಂತಿಗೆ ಕುಂಡಗಳಿದ್ದ ಜಾಗ ಖಾಲಿಯಾಗಿ, ಗುಡಿಸಿ ಸ್ವಚ್ಛವಾಗಿತ್ತು. ಯಾವಾಗ ಕೆಳಗಿಳಿಸಿದರೋ ನನಗೇ ಗೊತ್ತಿರಲಿಲ್ಲ. "ಅಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತೆ. ನಿಮ್ಮ ಕುಂಡಗಳನ್ನ ತಂದಿಟ್ಕೊಳ್ಳಿ. ಹೂ ಮುಟ್ಟಲ್ಲ ನಾನು," ಎಂದರು.

ವನಜಾಕ್ಷಿ ಆ ಮೂಲೆಯನ್ನೇ ನೋಡುತ್ತ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ಮೆಟ್ರೊಗೆ ಎಷ್ಟು ಅಂದೆ, ಮೂವತ್ತು ರೂಪಾಯಿ ತಾನೆ?"