ರಸೀದಿ ಅಕ್ಕ ಬರೆಯದ ಬೆಲೆ

ದಾನ ಕೊಡಲು ಬಂದವರನ್ನು ಬಾಗಿಲಲ್ಲೇ ತಡೆದು ಓಡಿಸುವುದಕ್ಕೆಂದು ನಮ್ಮೂರಿನ ಒಂದು ಸೇವಾಸಂಸ್ಥೆಯವರು ಒಬ್ಬ ಹೆಂಗಸನ್ನು ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರೆ ಎಂದು ಈ ಬರಹಗಾರ ಬಹಳ ಕಾಲ ನಂಬಿಕೊಂಡಿದ್ದ. ಹಳೇ ನಿಘಂಟುಗಳ ಮೂಟೆ ಹೊತ್ತುಕೊಂಡು ಹೋಗಿ, ಒಂದು ಧನ್ಯವಾದ, ಸಾಧ್ಯವಾದರೆ ಒಂದು ಫೋಟೋ ಎಂದು ಕೂದಲು ಸರಿಮಾಡಿಕೊಂಡು ನಿಂತವನಿಗೆ ಮೇಜಿನ ಆಚೆಯಿಂದ ಸಿಕ್ಕಿದ್ದು ಒಂದೇ ಪ್ರಶ್ನೆ: ಗೆದ್ದಲು ಹಿಡಿದಿದೆಯೋ ಇಲ್ಲವೋ. ಹಿಡಿದಿತ್ತು. ಆಮೇಲೆ ತಿಳಿಯಿತು, ಆಕೆ ಕಾವಲಿನವಳಲ್ಲ, ಲೆಕ್ಕಪತ್ರದವಳು. ಎಲ್ಲರೂ ಕರೆಯುವುದು ರಸೀದಿ ಅಕ್ಕ ಎಂದು.

ಸಂಸ್ಥೆಯ ಆಸರೆಯಲ್ಲಿ ಒಂದು ಸಂಜೆ ಶಾಲೆ ನಡೆಯುತ್ತಿತ್ತು. ಇಸ್ತ್ರಿ ಅಂಗಡಿಯವರು, ಹೋಟೆಲಿನಲ್ಲಿ ಪಾತ್ರೆ ತೊಳೆಯುವವರು, ಲಾರಿ ಓಡಿಸುವವರು ಕೆಲಸ ಮುಗಿಸಿ ಬಂದು ಓದು ಬರಹ ಕಲಿಯುತ್ತಿದ್ದರು. ಪಾಠ ಹೇಳುವವಳು ಅಕ್ಕನ ಒಡಹುಟ್ಟಿದ ತಂಗಿ. ಶಾಲೆಗೆ ತನ್ನದೇ ನೋಂದಣಿ ಇರಲಿಲ್ಲವಾದ್ದರಿಂದ, ದೇಣಿಗೆಯೆಲ್ಲ ಸಂಸ್ಥೆಯ ಖಾತೆಗೆ ಬಂದು ಅಕ್ಕನ ಕೈ ದಾಟಿಯೇ ಶಾಲೆಗೆ ಹೋಗಬೇಕು. ಮನೆಯಲ್ಲಿ ತಂಗಿಯ ತಟ್ಟೆಯಿಂದ ಕೇಳದೆ ಕಿತ್ತು ತಿನ್ನುವ ಅಕ್ಕ, ಆಫೀಸಿನಲ್ಲಿ ಬಿಲ್ಲಿಲ್ಲದ ಸೀಮೆಸುಣ್ಣಕ್ಕೆ ಕಾಸು ಬಿಚ್ಚುತ್ತಿರಲಿಲ್ಲ. ನನ್ನ ಜೊತೆ ಹುಟ್ಟಿದ್ದಕ್ಕೂ ರಸೀದಿ ಇಟ್ಟಿದ್ದೀಯಾ ಎಂದು ತಂಗಿ ಕೇಳಿದ್ದುಂಟು.

ಶಾಲೆ ಇದ್ದದ್ದು ಬಣ್ಣದ ವ್ಯಾಪಾರಿಯೊಬ್ಬರ ಗೋದಾಮಿನ ಮೇಲಿನ ಕೋಣೆಯಲ್ಲಿ. ಬಾಡಿಗೆ ಇಲ್ಲ. ಅದಕ್ಕೆ ಬದಲಾಗಿ ಧಣಿಗಳು ಮೆಟ್ಟಿಲು ಹತ್ತಿ ಬಂದಾಗಲೆಲ್ಲ ಪಾಠ ನಿಲ್ಲಿಸಿ ಎದ್ದು ನಿಲ್ಲಬೇಕಿತ್ತು. ಮಾತಾಡುವ ಮೊದಲು ಅವರೊಮ್ಮೆ ಕೆಮ್ಮುತ್ತಿದ್ದರು, ಕೇಳುವವರು ಸಿದ್ಧರಾಗಲಿ ಎಂದು.

ಒಂದು ದಿನ ಧಣಿಗಳು ವ್ಯಾನಿನ ತುಂಬ ಹಳೇ ಕಂಪ್ಯೂಟರ್ ಸಂಸ್ಥೆಯ ಆಫೀಸಿಗೆ ಕಳಿಸಿ, ಹಿಂದೆಯೇ ತಾವೂ ಬಂದರು. ಕೆಮ್ಮಿ, ಇವನ್ನೆಲ್ಲ ಹೊಸತೆಂದು ಹೊಸ ಬೆಲೆ ಹಾಕಿ ರಸೀದಿ ಕೊಡಿ ಎಂದರು. ದಾನದ ಮೊತ್ತ ದೊಡ್ಡದಾದಷ್ಟೂ ಅವರು ಕಟ್ಟುವ ತೆರಿಗೆ ಇಳಿಯುತ್ತದೆ. ಅಕ್ಕ ಎದ್ದು ಒಂದೊಂದಕ್ಕೂ ವೈರು ಸಿಕ್ಕಿಸಿದಳು. ಒಂದು ಗೊರಕೆ ಹೊಡೆದು ಸುಮ್ಮನಾಯಿತು. ಉಳಿದವು ಅಷ್ಟನ್ನೂ ಮಾಡಲಿಲ್ಲ. ಕೊನೆಯದರೊಳಗಿಂದ ಒಂದು ಜಿರಳೆ ಹೊರಗೆ ಬಂತು. ಇಡೀ ವ್ಯಾನಿನಲ್ಲಿ ಚಾಲ್ತಿಯಲ್ಲಿದ್ದದ್ದು ಅದೊಂದೇ. ಅಕ್ಕ ಕೂತು ರಸೀದಿ ಬರೆದಳು: ಹಳೆಯ ಕಂಪ್ಯೂಟರ್‌ಗಳು, ಒಂದೂ ನಡೆಯುವುದಿಲ್ಲ. ಬೆಲೆಯ ಜಾಗದಲ್ಲಿ ಉದ್ದಕ್ಕೊಂದು ಗೀಟು ಎಳೆದಳು.

ಧಣಿಗಳು ಕೆಮ್ಮುವುದನ್ನೂ ಮರೆತು ಸಂಸ್ಥೆಯ ಅಧ್ಯಕ್ಷರಿಗೆ ಫೋನು ಮಾಡಿದರು. ಅಧ್ಯಕ್ಷರೆಂದರೆ, ಲಿಫ್ಟಿನಲ್ಲಿ ಒಬ್ಬರೇ ಇದ್ದರೂ ನಾಲ್ಕು ಮಾತಾಡಿ ಇಳಿಯುವವರು. ಓಡಿ ಬಂದು, ಎಲ್ಲ ಕಡೆ ನಡೆಯುವುದೇ ಇದು, ದೊಡ್ಡವರ ಮನಸ್ಸು ನೋಯಿಸಬಾರದು ಎಂದು ಅಕ್ಕನಿಗೆ ತಿಳಿಹೇಳಿದರು. ಸುಳ್ಳು ರಸೀದಿ ಸಿಕ್ಕಿಬಿದ್ದರೆ ತೆರಿಗೆಯವರು ಇಡೀ ಸಂಸ್ಥೆಯ ಮಾನ್ಯತೆಯನ್ನೇ ಕಿತ್ತುಕೊಳ್ಳುತ್ತಾರೆ, ಆಮೇಲೆ ಯಾರೂ ಕಾಸು ಕೊಡುವುದಿಲ್ಲ ಎಂದು ಅವಳೂ ತಿಳಿಹೇಳಿದಳು. ಹಾಗಾದರೆ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಿ ಎಂದು ಧಣಿಗಳು ಎದ್ದರು.

“ಒಂದೇ ಒಂದು ಸಲ ಬರೆದುಬಿಡಮ್ಮ,” ಎಂದರು ಅಧ್ಯಕ್ಷರು. “ಶಾಲೆ ಉಳಿಯುತ್ತೆ.”

“ಈ ಸಲ ಕಂಪ್ಯೂಟರು. ಮುಂದಿನ ಸಲ ತುಕ್ಕು ಹಿಡಿದ ಲಾರಿ ತಂದು ನಿಲ್ಲಿಸ್ತಾರೆ. ವಿಮಾನ ಅಂತ ಬರ್ಕೊಡ್ಲಾ ಸರ್?”

ಆಫೀಸಿನಲ್ಲಿ ಗೆದ್ದವಳು ಮನೆಯಲ್ಲಿ ಸಿಕ್ಕಿಹಾಕಿಕೊಂಡಳು. ತಂಗಿ ಅನ್ನ ಬಡಿಸಿದಳು, ಮಾತು ಬಡಿಸಲಿಲ್ಲ. ಕೊನೆಗೆ, “ನಿನ್ನ ಕೈ ಶುದ್ಧವಾಗಿರಲಿ ಅಂತ ನನ್ನ ಮಕ್ಕಳು ಬೀದಿಗೆ ಬೀಳಬೇಕಾ ಅಕ್ಕಾ?” ಎಂದಳು. ಅವಳ ಮಕ್ಕಳಲ್ಲಿ ಅರ್ಧಕ್ಕರ್ಧ ಜನಕ್ಕೆ ಮೀಸೆ ನರೆತಿತ್ತು. ಅಕ್ಕನಿಗೆ ನಗು ಬರಲಿಲ್ಲ. ಇಸ್ತ್ರಿಯವನು ಆಗಷ್ಟೇ ಒತ್ತಕ್ಷರಕ್ಕೆ ಕಾಲಿಟ್ಟಿದ್ದಾನೆ, ಈಗ ಬಿಟ್ಟರೆ ಮತ್ತೆ ಬರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಬೀದಿಗೆ ಬೀಳಲ್ಲ ಕಣೇ, ಎಂದಳು. ಮತ್ತೆಲ್ಲಿಗೆ ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಊರೆಲ್ಲ ಸುತ್ತಿದಳು. ಒಬ್ಬರು ಬಾಡಿಗೆ ಕೇಳಿದರು, ಇನ್ನೊಬ್ಬರು ಪಾತ್ರೆ ತೊಳೆಯುವವರಾ ಎಂದು ಮೂಗು ಮುರಿದರು. ಅಲೆದು ಅಲೆದು ಚಪ್ಪಲಿ ಸವೆದದ್ದೇ ಬಂತು. ಆಮೇಲೊಂದು ಸಂಜೆ ಆಫೀಸಿಗೆ ಬೀಗ ಹಾಕುತ್ತಿದ್ದಾಗ, ಮೂಲೆಯ ದೊಡ್ಡ ಕೋಣೆಯ ದೀಪ ಆರಿಸಲು ಹೋದವಳು ಬಾಗಿಲಲ್ಲೇ ನಿಂತಳು. ಅಧ್ಯಕ್ಷರ ಕೋಣೆ. ತಿರುಗುವ ಕುರ್ಚಿ, ಗೋಡೆ ತುಂಬ ಅವರ ಫೋಟೋ, ಗಾಜಿನ ಕಪಾಟಿನಲ್ಲಿ ಫಲಕಗಳು. ತಿಂಗಳಿಗೊಮ್ಮೆ ಬಂದು ಸಹಿ ಹಾಕಿ ಹೋಗುವ ಒಬ್ಬರಿಗೆ ಇಷ್ಟು ಜಾಗ. ಕಟ್ಟಡವನ್ನು ಜನಕ್ಕೆ ಓದು ಕಲಿಸಲು ಮಾತ್ರ ಬಳಸಬೇಕೆಂದು ಸಂಸ್ಥೆಯ ನಿಯಮಾವಳಿ ಹೇಳುತ್ತಿತ್ತು. ಫಲಕ ಜೋಡಿಸಲು ಎಂದು ಎಲ್ಲೂ ಇರಲಿಲ್ಲ.

ಮರುದಿನ ಅಕ್ಕ ಸಮಿತಿ ಸದಸ್ಯರೊಬ್ಬೊಬ್ಬರ ಮನೆಗೂ ಹೋದಳು. ಅಧ್ಯಕ್ಷರು ಆಗ ಪರವೂರಿನಲ್ಲಿ ಇನ್ನೊಂದು ಫಲಕ ತೆಗೆದುಕೊಳ್ಳುತ್ತಿದ್ದರು. ಆ ಕೋಣೆಯೊಳಗೆ ಅವರು ಯಾವತ್ತೂ ಕೂರಿಸಿಕೊಳ್ಳದಿದ್ದ ಸದಸ್ಯರೆಲ್ಲ, ಕೋಣೆಯನ್ನು ಶಾಲೆಗೆ ಬಿಟ್ಟುಕೊಡುವ ಠರಾವಿಗೆ ಸಂತೋಷದಿಂದ ಸಹಿ ಮಾಡಿದರು. ಅದೇ ವಾರ ಲಾರಿಯವನು ಬೆಂಚು, ಕರಿಹಲಗೆ ತಂದು ಇಳಿಸಿದ. ಜಿರಳೆ ಕಂಪ್ಯೂಟರ್‌ಗಳನ್ನು ಅಕ್ಕ ಧಣಿಗಳಿಗೆ ವಾಪಸು ಕಳಿಸಿ, ತಲುಪಿದ್ದಕ್ಕೆ ಸಹಿ ತರಿಸಿಕೊಂಡಳು.

ಅಧ್ಯಕ್ಷರು ಹೊಸ ಫಲಕವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದು ಬಾಗಿಲು ತಳ್ಳಿದರು. ಪಾತ್ರೆ ತೊಳೆಯುವವನು ತಿರುಗುವ ಕುರ್ಚಿಯಲ್ಲಿ ಕೂತು, ನಾಲಿಗೆ ಹೊರಗೆ ಚಾಚಿ, ತನ್ನ ಹೆಸರು ಬರೆಯುತ್ತಿದ್ದ. ಯಾರೂ ಏಳಲಿಲ್ಲ. ತಂಗಿ ಅಕ್ಕನ ಮುಖ ನೋಡಿ, ಪಾಠ ಮುಂದುವರಿಸಿದಳು. ಅಕ್ಕ ಠರಾವಿನ ಪ್ರತಿ ಕೊಟ್ಟಳು. ಅಧ್ಯಕ್ಷರು ಅದನ್ನು ಓದಿದರು, ತಿರುಗಿಸಿ ಹಿಂದುಗಡೆಯನ್ನೂ ನೋಡಿದರು.

“ಇದೆಲ್ಲ ಸರಿ,” ಎಂದರು. “ಈಗ ಅಧ್ಯಕ್ಷನಾದವನು ಎಲ್ಲಿ ಕೂರಬೇಕು ಅಂತ?”

“ನಿಮಗೆ ಓದೋಕೆ ಬರೆಯೋಕೆ ಬರುತ್ತಲ್ಲ ಸರ್?” ಎಂದಳು ಅಕ್ಕ. “ಹಾಗಿದ್ರೆ ಈ ರೂಮಲ್ಲಿ ನಿಮಗೆ ಜಾಗ ಇಲ್ಲ.”