ಗಿರಣಿ ಮಾಳಿಗೆಯ ಚದುರಂಗ

ಮಲೇಷ್ಯಾದ ಪುಚೊಂಗ್‌ನ ನಮ್ಮ ಮನೆಯ ಕೆಳಗಿನ ತಮಿಳರ ಅಂಗಡಿಯಲ್ಲಿ ಗೋಧಿ ಬೀಸಿದಾಗಲೆಲ್ಲ ಬಿಸಿ ಹಿಟ್ಟಿನ ವಾಸನೆ ಕಿಟಕಿಗೆ ಬರುತ್ತದೆ. ನಾನು ತಟ್ಟನೆ ಚಹಾ ಲೋಟ ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ನೆಲ ನಡುಗೀತೆಂಬ ಭಯ. ನಡುಗುವುದಿಲ್ಲ. ಭಯಪಡಲು ನನಗೆ ಕಾರಣ ಬೇಕಿಲ್ಲ, ಅದು ಬೇರೆ ಮಾತು.

ದಾವಣಗೆರೆಯಲ್ಲಿ ಅಪ್ಪನ ಅಕ್ಕ ಪದ್ಮತ್ತೆ ಹಿಟ್ಟಿನ ಗಿರಣಿಯ ಮಾಳಿಗೆಯ ಒಂದೇ ಕೋಣೆಯಲ್ಲಿ ರವಿಕೆ ಹೊಲಿದು ಬದುಕುತ್ತಿದ್ದಳು. 'ನಮ್ಮನೇಗೆ ಬಂದುಬಿಡು' ಎಂದು ಅಪ್ಪ ಎಷ್ಟು ಕರೆದರೂ ಜಗ್ಗಲಿಲ್ಲ. ಸಂಜೆ ಹೊಲಿಗೆ ಯಂತ್ರದ ಹಲಗೆ ಮೇಲೆ ಚದುರಂಗದ ಮಣೆ ಹರಡುತ್ತಿದ್ದಳು. ಕೆಳಗೆ ಗಿರಣಿ ಶುರುವಾದರೆ ಕೋಣೆಯೆಲ್ಲ ಗಡಗಡ. ಆನೆ, ಕುದುರೆಗಳು ತಾವಾಗಿಯೇ ಮನೆ ಬದಲಿಸುತ್ತಿದ್ದವು. ಬಾಯಿಪಾಠ ಮಾಡಿದ್ದನ್ನು ನಂಬಿ ತಿರುಗಿ ಜೋಡಿಸಹೋಗಿ, ಒಮ್ಮೆ ನನ್ನ ರಾಜನನ್ನೇ ಅವಳ ಆನೆಯ ಎದುರಿಗಿಟ್ಟೆ. "ಎಲ್ಲಿತ್ತು ಅಂತ ನೆನಪಿಡಬೇಡ್ವೋ ಪುಕ್ಲಾ, ಯಾಕೆ ಅಲ್ಲಿತ್ತು ಅಂತ ನೆನಪಿಡು," ಎಂದು ನಕ್ಕಳು. ಅವಳ ಮೆಚ್ಚಿನ ಆರಂಭ ಒಂದೇ. ಬಿಳಿ ಕಾಯಿಯವರು ಒಂದು ಕಾಲಾಳನ್ನು ಬಿಟ್ಟಿಯಾಗಿ ನಮ್ಮ ಬಾಯಿಗಿಡುತ್ತಾರೆ. ತಿಂದರೆ ಮಣೆಯ ನಡು ಅವರದು. ನಾವು ತಿನ್ನುವುದಿಲ್ಲ. ನಡುವೆ ನಿಂತ ನಮ್ಮ ಕಾಲಾಳಿನ ಬೆನ್ನಿಗೆ ಇನ್ನೊಂದನ್ನು ನಿಲ್ಲಿಸುತ್ತೇವೆ. ಅದರಿಂದ ನಮ್ಮದೇ ಒಂಟೆಯ ದಾರಿ ಮುಚ್ಚಿಹೋಗುತ್ತದೆ. ಪಾಪ ಒಂಟೆ, ಎಂದು ನಾನಂದರೆ, "ಪಾಪ ಏನು ಬಂತು? ನಡು ನಮ್ದಲ್ವಾ. ದಾರಿ ಆಮೇಲೆ ಮಾಡ್ಕೊಳ್ಳುತ್ತೆ," ಎನ್ನುತ್ತ ಬಾಬಿನ್‌ಗೆ ದಾರ ಸುತ್ತುತ್ತಿದ್ದಳು.

ಕಳೆದ ವಾರ, ಮಗಳು ಅನಘಾಗೆ ಚೆಸ್ ಕಲಿಸುವ ಕೋಚ್, ಇದೇ ಆರಂಭದ ಹದಿನೈದು ನಡೆ ಬಾಯಿಪಾಠ ಒಪ್ಪಿಸದಿದ್ದರೆ ತಂಡದಲ್ಲಿ ಜಾಗವಿಲ್ಲ ಎಂದರು. "ಫಸ್ಟ್ ಮೆಮರೈಸ್ ಲಾ, ಅಂಡರ್‌ಸ್ಟ್ಯಾಂಡ್ ಲೇಟರ್." ಅವಳು ಪ್ರತಿ ನಡೆಗೂ 'ವೈ?' ಎನ್ನುವವಳು. ನಾನು ಎರಡು ದಿನ ಒದ್ದಾಡಿ, ಕೋಚ್‌ಗೆ ಕ್ಷಮೆ ಕೇಳುವ ಮೆಸೇಜನ್ನು ನಾಲ್ಕು ಸಲ ಬರೆದು ಅಳಿಸಿ, ಕೊನೆಗೆ ಅವಳನ್ನೇ ಕೇಳಿ, 'ಒಪ್ಪಿಸುವುದಿಲ್ಲ' ಎಂದು ಕಳಿಸಿದೆ. ಕಳಿಸಿದ ಮೇಲೆ ಬಿಪಿ ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಚಿಂತೆಯಾಯಿತು. ಜಾಗ ಹೋಯಿತು. ಹೋಗಲಿ.

ಆ ಗಿರಣಿ ಈಗಿಲ್ಲ, ಮಾಳಿಗೆಯಿಲ್ಲ, ಅತ್ತೆಯೂ ಇಲ್ಲ. ನಿನ್ನೆ ಅನಘಾ ಜೊತೆ ಊಟದ ಮೇಜಿನ ಮೇಲೆ ಆಡುತ್ತಿದ್ದಾಗ ನಾನೇ ಎದ್ದು ಎರಡೂ ಕೈಯಿಂದ ಮೇಜನ್ನು ಅಲ್ಲಾಡಿಸಿದೆ.

"ಅಪ್ಪಾ! ಆರ್ ಯು ಮ್ಯಾಡ್?"

"ಜೋಡಿಸು."

ಗೊಣಗುತ್ತ ಒಂದೊಂದನ್ನೇ ಜೋಡಿಸಿದಳು. ಕೊನೆಗೆ ಒಂಟೆಯನ್ನು ಕೈಯಲ್ಲಿ ಹಿಡಿದು ಯೋಚಿಸಿ, ಕಾಲಾಳಿನ ಹಿಂದೆ, ಅದರ ಮುಚ್ಚಿದ ದಾರಿಯಲ್ಲೇ ಇಟ್ಟಳು. "ಹೀ ವೇಟ್ಸ್ ಹಿಯರ್. ಸೆಂಟರ್ ಈಸ್ ಅವರ್ಸ್, ನೋ?"

ಕಿಟಕಿಯಿಂದ ಹಿಟ್ಟಿನ ವಾಸನೆ ಬಂತು. ಮತ್ತೊಮ್ಮೆ ಮೇಜು ಅಲ್ಲಾಡಿಸಿದೆ. ಚಹಾ ಲೋಟ ತುಳುಕಿತು, ನಾನು ಹಿಡಿಯಲಿಲ್ಲ.