ಗೋಡೆ ಹೆರೆಯುವ ಸದ್ದು

ಡೋರಾಳಿಗೆ ಹೇಸಿಗೆ ಹುಟ್ಟುವುದೇ ಕಿವಿಯಲ್ಲಿ. ತುಂಬಿ ಹರಿಯುವ ಗಟಾರವನ್ನಾಗಲಿ, ಸತ್ತು ಉಬ್ಬಿದ ಹೆಗ್ಗಣವನ್ನಾಗಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟಿ ಹೋಗಬಲ್ಲಳು. ಆದರೆ ಪಕ್ಕದಲ್ಲಿ ಕೂತವರು ಬಾಯಿ ಚಪ್ಪರಿಸಿ ತಿಂದರೆ, ಬಸ್ಸಿನಲ್ಲಿ ಯಾರಾದರೂ ಕಫ ಎಳೆದರೆ, ಹೊಟ್ಟೆಯಲ್ಲಿದ್ದದ್ದೆಲ್ಲ ಗಂಟಲಿಗೆ ಬಂದು ನಿಲ್ಲುತ್ತಿತ್ತು. ಹುಬ್ಬಳ್ಳಿಯ ಸಾಲೆಯೊಂದರಲ್ಲಿ ಮೂವತ್ತು ವರ್ಷ ಸಂಗೀತ ಕಲಿಸಿದವಳು ಅವಳು. ಚರ್ಚಿನ ಗಾಯನ ತಂಡದಲ್ಲಿ ಹಿಂದಿನ ಸಾಲಿನವರ ಸ್ವರ ಒಂದೆಳೆ ತಪ್ಪಿದರೂ ಅವಳ ಹುಬ್ಬು ಏರುತ್ತಿತ್ತು. ಎಲ್ಲರೂ ಹೊಗಳುತ್ತಿದ್ದ ಆ ಕಿವಿಯ ಜೊತೆ ಸಂಸಾರ ಮಾಡಿದವನು ಮಾತ್ರ ಎಬಿನೇಜರ್.

ಎಬಿನೇಜರ್ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಪಂಪು ಜೋಡಿಸುವ ಕೆಲಸ ಮಾಡಿ ನಿವೃತ್ತನಾದವನು, ಮಾತು ಕಡಿಮೆ. ಅವನಿಗಿದ್ದ ಒಂದೇ ಚಟವೆಂದರೆ ಚಹಾ. ಕಪ್ಪಿನಡಿಯ ಬಸಿಗೆ ಸುರಿದುಕೊಂಡು ಸುರ್ರನೆ ಎಳೆದರೇನೇ ಅವನಿಗದು ಚಹಾ. ಮದುವೆಯಾದ ಮೊದಲ ವಾರವೇ ಡೋರಾ ತನ್ನ ತಾಟು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಯಾಕೆಂದು ಅವನು ಕೇಳಲಿಲ್ಲ. ಅಂದಿನಿಂದ ಅವನು ಪಡಸಾಲೆಯಲ್ಲಿ, ಅವಳು ಒಲೆಯ ಹತ್ತಿರ. ಮಕ್ಕಳಿಲ್ಲದ ಮನೆಯಲ್ಲಿ ಅದೇ ರೂಢಿಯಾಯಿತು.

ಉಣಕಲ್ಲಿನಲ್ಲಿ ಅವರದು ಸುಣ್ಣ ಬಳಿದ ಗೋಡೆಗಳ ಹಳೆಯ ಮನೆ. ಹೋದ ವರ್ಷ ಮಳೆ ಹಿಡಿದು ಬಿಡದೆ ಸುರಿದಾಗ, ನಸುಕಿನಲ್ಲಿ ಡೋರಾಳಿಗೆ ಒಂದು ಸದ್ದು ಕೇಳತೊಡಗಿತು. ತಲೆದಿಂಬಿನ ಹತ್ತಿರವೇ, ಕರಕ್, ಕರಕ್ ಎಂದು, ಯಾರೋ ಬಾಯಿ ತೆರೆದುಕೊಂಡು ಒಣ ಟೋಸ್ಟ್ ಕಡಿದ ಹಾಗೆ. ನಡುನಡುವೆ ಜೊಲ್ಲಿನಂಥ ಒದ್ದೆ ಸದ್ದು. ಅವಳು ಎದ್ದು ಪಡಸಾಲೆಗೆ ಬಂದರೆ ಎಬಿನೇಜರ್ ಬೈಬಲ್ ಓದುತ್ತ ಕೂತಿದ್ದ, ಮುಂದೆ ಚಹಾ, ಪಕ್ಕದಲ್ಲಿ ಟೋಸ್ಟ್.

“ಕೋಳಿ ಕೂಗೂದರಾಗ ಏನ್ ಕಡ್ಯಾಕತ್ತೀರಿ? ಮನ್ಯಾಗ ಹೆಗ್ಗಣ ಸಾಕೇನೇನೋ ಅನಸ್ತೈತಿ.”

“ನಾ ಇನ್ನೂ ಬಾಯಿಗೇ ಹಚ್ಚಿಲ್ಲ, ಡೋರಾ.”

“ಹಂಗಾರ ನನ್ನ ಕಿವಿ ಸುಳ್ಳ ಹೇಳ್ತೈತೇನು?”

ಎಬಿನೇಜರ್ ಮರುದಿನದಿಂದ ಚಹಾ, ಟೋಸ್ಟ್ ಎರಡನ್ನೂ ಹಿತ್ತಲಾಚೆ ಸ್ಕೂಟರ್ ನಿಲ್ಲಿಸುವ ತಗಡಿನ ಚಪ್ಪರಕ್ಕೆ ಒಯ್ದ. ಸದ್ದು ನಿಲ್ಲಲಿಲ್ಲ. ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಿ ಎಂದಳು. ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಹೋದ. ಆದರೂ ನಿಲ್ಲಲಿಲ್ಲ. ಚರ್ಚಿನ ಮಹಿಳಾ ಕೂಟದಲ್ಲಿ ಡೋರಾ ಗಂಡನ ಬಾಯಿಯ ಕಥೆಯನ್ನು ಅಣಕಿಸಿ ತೋರಿಸಿದಳು. ಕರಕ್ ಎಂದು, ಸುರ್ರ್ ಎಂದು. ಹೆಂಗಸರು ಬಿದ್ದು ಬಿದ್ದು ನಕ್ಕರು. ಅವಳನ್ನು ಕರೆದೊಯ್ಯಲು ಬಂದಿದ್ದ ಎಬಿನೇಜರ್ ಕೊಡೆ ಹಿಡಿದು ಬಾಗಿಲಲ್ಲೇ ನಿಂತಿದ್ದನ್ನು ಅವಳು ನೋಡಿದ್ದು ನಗು ಮುಗಿದ ಮೇಲೆ. ದಾರಿಯುದ್ದಕ್ಕೂ ಅವನು ಕೊಡೆಯನ್ನು ಅವಳ ಕಡೆಗೇ ವಾಲಿಸಿ ಹಿಡಿದಿದ್ದ.

ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ ಪಕ್ಕದ ಮನೆಯ ಶಹಜಹಾನಬೇಗಂ ಕರಿಬೇವು ಕೀಳಲು ಇವರ ಹಿತ್ತಲಿಗೆ ಹೋದವಳು ಕಿರುಚಿದಳು.

“ಯಾ ಅಲ್ಲಾ! ಟೀಚರ್, ಲಗೂ ಬರ್ರಿ ಇಲ್ಲಿ!”

ಮಲಗುವ ಕೋಣೆಯ ಹೊರಗೋಡೆ. ಕಿಟಕಿಯ ಕೆಳಗೆ, ಡೋರಾಳ ತಲೆದಿಂಬು ಇರುವ ಜಾಗಕ್ಕೆ ಸರಿಯಾಗಿ, ಮುಷ್ಟಿ ಗಾತ್ರದ ಬಸವನಹುಳುಗಳು ಒಂದರ ಮೇಲೊಂದು ಅಂಟಿಕೊಂಡಿದ್ದವು. ಊರಿನ ಸಣ್ಣ ಹುಳುಗಳಲ್ಲ. ಆಫ್ರಿಕಾದ ಜಾತಿಯವು, ಒಂದೆರಡು ವರ್ಷದಿಂದ ಎಲ್ಲರ ಹಿತ್ತಲಿಗೂ ನುಗ್ಗಿದವು. ಬೂದು ಮಾಂಸ ಗೋಡೆಗೆ ಹರಡಿ ಮೆಲ್ಲಗೆ ಉಸಿರಾಡುತ್ತಿತ್ತು. ಲೋಳೆ ಎಳೆಎಳೆಯಾಗಿ ಜೋತುಬಿದ್ದಿತ್ತು. ಸುಣ್ಣವೆಲ್ಲ ನೆಕ್ಕಿಸಿಕೊಂಡು ಗೋಡೆಗೆ ತೊನ್ನು ಹತ್ತಿದಂತಾಗಿತ್ತು. ಬಾಗಿ ಕಿವಿಗೊಟ್ಟರೆ ಅದೇ ಸದ್ದು. ಕರಕ್, ಕರಕ್. ಇಷ್ಟು ದಿನ ಒಂದು ಗೋಡೆಯಷ್ಟೇ ಅಡ್ಡವಿಟ್ಟುಕೊಂಡು ಇವುಗಳ ಬಾಯಿಯ ಪಕ್ಕ ಮಲಗಿದ್ದೆನೇ ಎಂದು ನೆನೆದು ಅವಳ ಕೆನ್ನೆಯ ಚರ್ಮವೇ ಅಂಟಂಟಾದಂತಾಯಿತು.

“ಹೋಗ್ರೋ! ಹೋಗ್ರೋ!” ಎಂದು ಚಪ್ಪಾಳೆ ತಟ್ಟಿದಳು. ಇಡೀ ಸಾಲೆಯನ್ನು ತಣ್ಣಗಾಗಿಸುತ್ತಿದ್ದ ದನಿಯಲ್ಲಿ ಕೂಗಿದಳು. ಒಂದೂ ಮಿಸುಕಲಿಲ್ಲ.

ಶಹಜಹಾನಬೇಗಂ ಓಡಿಹೋಗಿ ಉಪ್ಪು ತಂದು ಎರಚಿದಳು. ಹುಳುಗಳು ಮುರುಟಿಕೊಂಡು ಹಸಿರು ನೊರೆ ಕಾರಿದವು. ಬುಸ್ ಬುಸ್ ಎಂದು ಗುಳ್ಳೆ ಒಡೆಯುವ ಸದ್ದು, ಮೂಗು ಕಟ್ಟಿದ ಕೂಸು ಅತ್ತಂತೆ.

“ಚೀರಾಕತ್ತಾವು ನೋಡ್ರಿ, ಟೀಚರ್!”

ಡೋರಾ ದಾಸವಾಳದ ಬುಡದಲ್ಲಿ ಕೂತು ವಾಂತಿ ಮಾಡಿಕೊಂಡಳು.

ಸಂಜೆ ಧಾರವಾಡದಿಂದ ಡೋರಾಳ ಅಣ್ಣನ ಮಗಳು ಶ್ಯಾರನ್ ಬಂದಳು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಅಷ್ಟರಲ್ಲಿ ಇನ್ನೊಂದಿಷ್ಟು ಹುಳುಗಳು ಗೋಡೆ ಏರಿದ್ದವು.

“ಅವು ಚೀರಿದ್ದಲ್ಲ, ಅತ್ತಿ. ಗಂಟಲದಾಗ ದನಿ ಅನ್ನೂದ ಇಲ್ಲ ಅವಕ್ಕ. ಮೈ ಒಳಗ ಎಳಕೊಳ್ಳುವಾಗ ಗಾಳಿ ಲೋಳಿಯೊಳಗಿಂದ ಹೊರಗ ಬರತೈತಿ, ಅದರ ಸಪ್ಪಳ.”

“ಮತ್ತ ಈ ಕರಕರ?”

“ನಾಲಿಗಿ. ಅದರ ತುಂಬ ಸಣ್ಣ ಸಣ್ಣ ಹಲ್ಲ ಇರತಾವು, ಕಬ್ಬಿಣ ತಿಕ್ಕೂ ಅರ ಇದ್ದಂಗ. ಚಿಪ್ಪ ಗಟ್ಟಿ ಆಗಬೇಕಂದ್ರ ಸುಣ್ಣ ಬೇಕಲ್ಲ, ಗ್ವಾಡಿ ಹೆರದು ತಿಂತಾವು.”

ನಾಲಗೆಯ ತುಂಬ ಹಲ್ಲು ಎಂಬುದನ್ನು ಕೇಳಿ ಡೋರಾ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. “ನಾ ಅಷ್ಟ ಒದರಿದ್ನಿ. ಒಂದಾದ್ರೂ ಅಂಜಿತೇನು?”

“ಕಿವೀನ ಇಲ್ಲ ಅವಕ್ಕ. ನೀವು ಹಾಡಿದ್ರೂ ಅಷ್ಟ, ಬೈದ್ರೂ ಅಷ್ಟ. ಇಲ್ಲಿ ನೋಡ್ರಿ.” ಶ್ಯಾರನ್ ಒಂದು ಹುಳುವಿನ ಹತ್ತಿರ ಗೋಡೆಗೆ ಕಲ್ಲಿನಿಂದ ಮೆಲ್ಲಗೆ ಬಡಿದಳು. ಚಾಚಿದ್ದ ಕೊಂಬುಗಳು ಸರಕ್ಕನೆ ಒಳಗೆ ಹೋದವು. “ಗ್ವಾಡಿ, ನೆಲ ನಡುಗಿದ್ರ ಮಾತ್ರ ತಿಳೀತೈತಿ. ಗ್ವಾಡಿಗೆ ಹತ್ತಿದ ಆ ಮೈ ಐತೆಲ್ಲಾ, ಅದ ಅದರ ಪಾದ. ಅದರಿಂದನ ಗೊತ್ತಾಗತೈತಿ.”

ಡೋರಾ ಮುಖ ತಿರುಗಿಸಿದಳು. ಆಗ ಕಂಡದ್ದು ತಗಡಿನ ಚಪ್ಪರ. ಜಿಟಿಜಿಟಿ ಮಳೆಯಲ್ಲಿ, ಬೋರಲು ಹಾಕಿದ ಬಕೇಟಿನ ಮೇಲೆ ಎಬಿನೇಜರ್ ಕೂತಿದ್ದ. ಬಸಿಯಲ್ಲಿದ್ದ ಚಹಾವನ್ನು ಚಮಚದಿಂದ ಒಂದೊಂದೇ ಗುಟುಕು ಬಾಯಿಗೆ ಹಾಕಿಕೊಂಡು, ತುಟಿ ಬಿಗಿಹಿಡಿದು ನುಂಗುತ್ತಿದ್ದ, ಔಷಧಿ ಕುಡಿದ ಹಾಗೆ. ಅವಳು ಹತ್ತಿರ ಹೋದಳು.

“ಚಮಚೆಲೆ ಯಾಕ ಕುಡ್ಯಾಕತ್ತೀರಿ?”

“ಸಪ್ಪಳ ಆಗಬಾರದಂತ.”

“ಇಷ್ಟ ದೂರ ನನಗ ಹೆಂಗ ಕೇಳತೈತ್ರಿ?”

“ನಿನಗ ಕೇಳತೈತಿ ಅಂತ ತಿಳದಿದ್ನಿ.”

ಆ ಗಳಿಗೆಯಲ್ಲಿ ಡೋರಾಳಿಗೆ ತನ್ನ ಮೇಲೆಯೇ ಹುಟ್ಟಿದ ಹೇಸಿಗೆ ಬೆಳಿಗ್ಗೆಯದಕ್ಕಿಂತ ದೊಡ್ಡದು. ಕೂಟದಲ್ಲಿ ತಾನು ಮಾಡಿದ ಅಣಕು ಅವಳ ಕಿವಿಯಲ್ಲಿ ಮೊಳಗಿತು. ಗಂಡನ ಬಾಯಿಯನ್ನು ತನ್ನ ಬಾಯಿಂದ ಮಾಡಿ ತೋರಿಸಿದ್ದೆನಲ್ಲ, ಅದೆಷ್ಟು ಅಸಹ್ಯವಾಗಿ ಕಂಡಿರಬೇಕು!

“ಒಳಗ ಬರ್ರಿ,” ಎಂದಳು. “ಅದು ನೀವಲ್ಲ. ಬಸವನಹುಳ.”

ಎಬಿನೇಜರ್ ಗೋಡೆಯತ್ತ ನೋಡಿ, “ಹೌದೇನು,” ಎಂದಷ್ಟೇ ಹೇಳಿ ಬಸಿ ಎತ್ತಿಕೊಂಡು ಎದ್ದ. ಮುಂದಿನ ಕೂಟದಲ್ಲಿ ಡೋರಾ ಎದ್ದು ನಿಂತು, ಸದ್ದು ಮಾಡಿದ್ದು ಹುಳುವೆಂದೂ ಗಂಡನ ಮೇಲೆ ತಪ್ಪು ಹೊರಿಸಿದ್ದೆನೆಂದೂ ಹೇಳಿದಳು. ಹೆಂಗಸರು ಅದಕ್ಕೂ ನಕ್ಕರು. ಅವಳು ನಗಲಿಲ್ಲ.

ಹುಳುಗಳ ಕಾಟ ಮಳೆಗಾಲ ಮುಗಿಯುವವರೆಗೂ ತಪ್ಪಲಿಲ್ಲ. ಶ್ಯಾರನ್ ಹೇಳಿಕೊಟ್ಟಂತೆ ಒದ್ದೆ ಗೋಣಿಚೀಲದ ಅಡಿ ಪಪ್ಪಾಯಿ ಎಲೆ ಇಟ್ಟು, ಬೆಳಿಗ್ಗೆ ಸೇರಿಕೊಂಡ ಹುಳುಗಳನ್ನು ರಬ್ಬರಿನ ಕೈಗವಸು ಹಾಕಿಕೊಂಡು ಹೆಕ್ಕುವುದು, ಕುದಿಯುವ ನೀರಿಗೆ ಹಾಕಿ ಹೊಂಡದಲ್ಲಿ ಹೂಳುವುದು. ಶಹಜಹಾನಬೇಗಂ ಹೆಕ್ಕುತ್ತಿದ್ದಳು, ಎಬಿನೇಜರ್ ಹೊಂಡ ತೋಡುತ್ತಿದ್ದ. ಡೋರಾಳೂ ಹಲ್ಲು ಕಚ್ಚಿಕೊಂಡು ಹೆಕ್ಕಿದಳು. ಗೋಡೆಯಿಂದ ಕೀಳುವಾಗ ಪಚಕ್ಕೆನ್ನುವ ಆ ಸೆಳೆತ ಬೆರಳಿಗೆ ತಾಗಿದಾಗಲೆಲ್ಲ ಓಕರಿಕೆ ಬಂದು ಬೈಯುತ್ತಿದ್ದಳು. ಅಭ್ಯಾಸವಾಗುತ್ತದೆ ಎಂದು ಎಲ್ಲರೂ ಹೇಳಿದರು. ಆಗಲಿಲ್ಲ.

ಊಟವೂ ಅಷ್ಟೇ. ಈಗ ಇಬ್ಬರೂ ಒಂದೇ ಮೇಜಿಗೆ ಕೂಡುತ್ತಾರೆ. ಚಹಾದ ಸುರ್ರ್ ಇವತ್ತಿಗೂ ಅವಳಿಗೆ ಸೇರುವುದಿಲ್ಲ. ಕೆಲವು ದಿನ ಅರ್ಧಕ್ಕೇ ಎದ್ದು ಹೋಗುತ್ತಾಳೆ, ಆಮೇಲೆ ತಿರುಗಿ ಬರುತ್ತಾಳೆ. ಮೊನ್ನೆ ಅವನು ಜೋಳದ ಗರಿಗರಿ ಕಟಿರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, ಅವಳ ಮುಖ ನೋಡಿ, ಅಗಿಯದೆ ಹಾಗೇ ಕೂತ.

“ತಿನ್ರಿ,” ಎಂದಳು ಡೋರಾ ಕಿಟಕಿಯ ಕಡೆ ಮುಖ ಮಾಡಿ. “ಇನ್ನೊಂದ ಹಾಕ್ಲೇನು?”